ಸಿಪಾಯಿಗೊಪ್ಪುವ ರೈಲು

ದೀಪಾವಳಿ ಬಂತೆಂದರೆ ಬೆಳಗಾವಿ, ನಿಪ್ಪಾಣಿ, ಸಂಕೇಶ್ವರದ ಕಡೆಯ ಮಕ್ಕಳು ಮನೆಯ ಮುಂದೆ ಕಿಲ್ಲೆ ಕಟ್ಟುತ್ತಾರೆ. ಕಲ್ಲು, ಇಟ್ಟಂಗಿ ಪೇರಿಸಿ, ರಾಡಿಯಲ್ಲಿ ಅದ್ದಿದ ಗೋಣಿಚೀಲ ಹೊದಿಸಿ, ಮೇಲೆ ಕೆಂಪು ಮಣ್ಣು ಮೆತ್ತಿ ಸಾಸಿವೆ ಚೆಲ್ಲಿದರೆ ನಾಲ್ಕೈದು ದಿನದಲ್ಲಿ ಗುಡ್ಡ ಹಸಿರಾಗುತ್ತದೆ. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಮೆಟ್ಟಿಲಿಗೊಬ್ಬರಂತೆ ಪೇಟೆಯಿಂದ ತಂದ ಮಣ್ಣಿನ ಸಿಪಾಯಿಗಳು. ನಿಡಸೋಸಿಯ ನಮ್ಮ ಮನೆಯ ಕಿಲ್ಲೆಯ ಬುಡದಲ್ಲಿ ಇನ್ನೂ ಒಂದು ಸಾಮಾನು ಇರುತ್ತಿತ್ತು: ರೈಲು. ಶಿವಾಜಿ ಕಾಲದಾಗ ರೈಲು ಎಲ್ಲಿತ್ತು ಎಂದು ಹೋಗಿಬರುವವರು ನಗುತ್ತಿದ್ದರು. ಮನೆಯಲ್ಲಿ ರೈಲು ಇದ್ದ ಮೇಲೆ ಅದನ್ನು ಪೆಟ್ಟಿಗೆಯಲ್ಲೇ ಬಿಡುವ ಹುಡುಗ ಯಾರಿದ್ದಾನೆ? ಎಚ್.ಜಿ. ವೆಲ್ಸ್ ಕೂಡ 1911ರ ತನ್ನ ‘ಫ್ಲೋರ್ ಗೇಮ್ಸ್’ ಪುಸ್ತಕದಲ್ಲಿ, ನೆಲದ ಮೇಲಿನ ಆಟಕ್ಕೆ ಬೇಕಾದ ಸಾಮಾನುಗಳ ಪೈಕಿ ಸಿಪಾಯಿಗಳ ಜೊತೆಗೇ ಕೀಲಿ ಕೊಟ್ಟು ಓಡಿಸುವ ರೈಲನ್ನೂ ಹೇಳಿದ್ದಾನೆ.

ಕಿಲ್ಲೆಯಲ್ಲಿ ಅಳತೆಯ ತಂಟೆಯಿಲ್ಲ. ಮಹಾರಾಜರು ಆನೆಗಿಂತ ದೊಡ್ಡವರಿದ್ದರೂ ನಡೆಯುತ್ತದೆ. ಆದರೆ ಹಾಗೆ ಕಿಲ್ಲೆ ಕಟ್ಟಿ ಬೆಳೆದ ನನ್ನ ಅಣ್ಣನ ಮಗ ಈಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ರವಿವಾರ ಗೆಳೆಯರೊಂದಿಗೆ ಟೇಬಲ್ ಮೇಲೆ ಯುದ್ಧದಾಟ ಆಡುತ್ತಾನೆ. ಪುಟ್ಟ ಸಿಪಾಯಿಗಳು, ದಾಳ, ಅಳತೆಯ ಟೇಪು, ದಪ್ಪನೆಯ ನಿಯಮದ ಪುಸ್ತಕ. ಹೋದ ದೀಪಾವಳಿಗೆ ಊರಿಗೆ ಬಂದವನು ಒಂದು ಡಬ್ಬಿ ಸಿಪಾಯಿಗಳನ್ನೂ ಹೊಸದೊಂದು ಆಟದ ಯೋಚನೆಯನ್ನೂ ತಂದಿದ್ದ. 1942ರ ಚಲೇಜಾವ್ ಚಳವಳಿ, ನಮ್ಮದೇ ಸೀಮೆ, ರಾತ್ರಿಯ ಹೊತ್ತು. ಒಂದು ಪಕ್ಷ ಹಳಿ ಕೀಳಬೇಕು, ಇನ್ನೊಂದು ಪಕ್ಷ ಪೊಲೀಸರನ್ನು ತುಂಬಿಕೊಂಡ ರೈಲನ್ನು ದಾಟಿಸಬೇಕು. ಸಿಪಾಯಿಗಳು ಇದ್ದರು. ರೈಲು ಇರಲಿಲ್ಲ. “ಕಾಕಾ, ಯಾವ ಸೈಜಿಂದು ತರಿಸ್ಲಿ?” ಎಂದು ಮೊಬೈಲ್ ಹಿಡಿದು ನನ್ನ ಪಕ್ಕ ಕೂತ.

ಅವನ ಸಿಪಾಯಿ 28 ಮಿಲಿಮೀಟರ್. ಅದನ್ನು ನೆತ್ತಿಯವರೆಗೆ ಅಳೆಯಬೇಕೋ ಕಣ್ಣಿನವರೆಗೋ ಎಂದು ಆಟಗಾರರಲ್ಲೇ ಜಗಳವಿದೆಯಂತೆ. ನಾವು ನೆತ್ತಿಯವರೆಗೆ ಎಂದು ಹಿಡಿದೆವು. ಐದೂವರೆ ಅಡಿಯ ಆಳು 28 ಮಿ.ಮೀ. ಆದರೆ ಅರವತ್ತರಲ್ಲೊಂದು ಪಾಲು. ಆದರೆ ಅರವತ್ತರ ಪಾಲಿನ ರೈಲನ್ನು ಅಂಗಡಿಯವರು ಮಾರುವುದಿಲ್ಲ. ಎಲ್ಲ ಕಡೆ ಸಿಗುವುದು ಎಚ್‌ಒ, ಅಂದರೆ 87ರಲ್ಲೊಂದು ಪಾಲು. ಇಂಗ್ಲೆಂಡಿನ ಹಾರ್ನ್‌ಬಿ ಥರದ ಒಒ ಇನ್ನೊಂದು, ಅದು 76ರಲ್ಲೊಂದು. ಇವೆರಡಕ್ಕಿಂತ ದೊಡ್ಡದು ಓ, ಇಂಗ್ಲೆಂಡಿನ ಲೆಕ್ಕದಲ್ಲಿ ನಲವತ್ಮೂರೂವರೆಯಲ್ಲೊಂದು. ಅದರ ಬೆಲೆ ನೋಡಿ ಹುಡುಗ ಮೊಬೈಲ್ ಬೋರಲು ಹಾಕಿದ.

ನನ್ನ ಮಟ್ಟಿಗೆ ಅಂಕಿಗಿಂತ ಬಾಗಿಲು ಮುಖ್ಯ. ಆರಡಿಯ ಬಾಗಿಲು ಎಚ್‌ಒದಲ್ಲಿ 21 ಮಿ.ಮೀ., ಒಒದಲ್ಲಿ 24. ಸಿಪಾಯಿ 28, ಕಾಲ ಕೆಳಗಿನ ಬಿಲ್ಲೆ ಬೇರೆ. ತಲೆ ಬಗ್ಗಿಸಿದರೂ ಒಳಗೆ ಹೋಗಲಾರ. ಓದಲ್ಲಿ ಬಾಗಿಲು 42ಕ್ಕೆ ಏರುತ್ತದೆ, ಅವನು ತಂದೆಯ ಅಂಗಿ ತೊಟ್ಟ ಹುಡುಗನಂತೆ ಕಾಣುತ್ತಾನೆ. ಟೇಬಲ್ಲಿನಾಚೆ ನಿಂತು ನೋಡಿದರೆ ಒಒ ನಡೆದೀತು ಎನ್ನುವವರಿದ್ದಾರೆ. ದೂರ ನಿಲ್ಲಿಸಿದ ರೈಲಾದರೆ ಸರಿ. ಹತ್ತಿ ಇಳಿಯುವ ರೈಲಾದರೆ ಆಗದು.

ಇಷ್ಟು ಹೊತ್ತೂ ಅಪ್ಪ ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದರು. ನಿಡಸೋಸಿಗೆ ರೈಲಿಲ್ಲ, ಅಪ್ಪನಿಗೆ ಇತ್ತು. ಘಟಪ್ರಭಾ ಸ್ಟೇಷನ್ನಿನ ಆಚೀಚೆ ಮೊದಲು ಗ್ಯಾಂಗ್‌ಮನ್, ಆಮೇಲೆ ಕೀಮ್ಯಾನ್ ಆಗಿ, ಹೆಗಲ ಮೇಲೆ ಸುತ್ತಿಗೆ ಮತ್ತು ಪಾನಾ ಹೊತ್ತು ದಿನಾ ಮುಂಜಾನೆ ಹಳಿ ನೋಡುತ್ತ ನಡೆದವರು. ಅವರ ಬಾಳಿನ ಹೆಚ್ಚು ಪಾಲು ಕಳೆದದ್ದು ಮೀಟರ್‌ಗೇಜಿನಲ್ಲಿ. ಆಗ ಈ ಕಡೆಯಿಂದ ಪುಣೆ-ಮುಂಬಯಿಗೆ ಹೋಗುವವರು ಮೀರಜದಲ್ಲಿ ಇಳಿದು ದೊಡ್ಡ ಗಾಡಿ ಹತ್ತಬೇಕಿತ್ತು. 1990ರ ದಶಕದಲ್ಲಿ ಮೀರಜ-ಲೋಂಡಾ ಹಾದಿ ಬ್ರಾಡ್‌ಗೇಜ್ ಆಯಿತು. ತಾವೇ ಬಿಗಿದ ಹಳಿಗಳನ್ನು ಬಿಚ್ಚುವ ಕೆಲಸದಲ್ಲಿ ಅಪ್ಪನೂ ಇದ್ದರು. ಆ ಬಗ್ಗೆ ಅವರು ಹೆಚ್ಚು ಹೇಳಿದ್ದಿಲ್ಲ. ಈಚೆಗಂತೂ ಯಾವುದರ ಬಗ್ಗೆಯೂ ಹೆಚ್ಚು ಹೇಳುವುದಿಲ್ಲ.

“ಹಳಿ ಎಷ್ಟು ಅಗಲ ಐತಿ, ಅದನ್ನ ಮೊದಲ ಹೇಳ್ರಿ” ಎಂದರು.

ಎಚ್‌ಒ, ಒಒ ಎರಡಕ್ಕೂ ಹಳಿಯ ಅಗಲ 16.5 ಮಿ.ಮೀ. ಹುಡುಗ ಅದನ್ನು ಅರವತ್ತರಿಂದ ಗುಣಿಸಿದ. 990 ಬಂತು. ಹತ್ತು ಮಿಲಿಮೀಟರ್ ಕಡಿಮೆ ಒಂದು ಮೀಟರ್! ಅವನ ಸಿಪಾಯಿಯ ಕಣ್ಣಿಗೆ ಆ ಅಗ್ಗದ ಹಳಿ ನಮ್ಮ ಹಳೆಯ ಮೀಟರ್‌ಗೇಜೇ. 1942ರಲ್ಲಿ, ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ, ಇಲ್ಲಿ ಇದ್ದದ್ದೂ ಅದೇ. (ಬ್ರಾಡ್‌ಗೇಜ್ 1676 ಮಿ.ಮೀ., ಸರಿಯಾಗಿ ಐದೂವರೆ ಅಡಿ. ಸಿಪಾಯಿಯನ್ನು ಹಳಿಗೆ ಅಡ್ಡ ಮಲಗಿಸಿದರೆ ಅದರ ಅಗಲ ಸಿಗುತ್ತದೆ.) ಅಂದರೆ ಕೊಳ್ಳಬೇಕಾದದ್ದು ಎಚ್‌ಒದ ಹಳಿ, ಗಾಲಿ, ಮೋಟಾರು ಮಾತ್ರ. ಮೇಲಿನ ಡಬ್ಬಿಯನ್ನು ನಾವೇ ಅರವತ್ತರ ಪಾಲಿನಲ್ಲಿ ಕಟ್ಟಬೇಕು.

ರಟ್ಟು, ಫೆವಿಕಾಲ್, ಕಂದುಗೆಂಪು ಬಣ್ಣ. ಮೂರು ದಿನ ಅಪ್ಪ ಮಗ್ಗುಲಲ್ಲೇ ಕೂತು ಹೇಳಿದರು, ಹುಡುಗ ಕತ್ತರಿಸಿದ. ಕಿಟಕಿ ಎಷ್ಟು ಎತ್ತರದಲ್ಲಿರಬೇಕು ಎನ್ನುವುದಕ್ಕೆ ಅವರು ಎದ್ದು ನಿಂತು ತಮ್ಮ ಎದೆ ಮುಟ್ಟಿ ತೋರಿಸುತ್ತಿದ್ದರು. ಡಬ್ಬಿ ಹಳಿಯ ಎರಡೂ ಬದಿಗೆ ಚಾಚಿ ನಿಂತಿತು. ಇದು ಬೀಳುತ್ತದೆ ಎಂದು ಹುಡುಗ ಅಂಜಿದ. ಮೀಟರ್‌ಗೇಜ್ ಗಾಡಿ ಇರುವುದೇ ಹಾಗೆ ಎಂದರು ಅಪ್ಪ. ಸಿಪಾಯಿ ಬಾಗಿಲಲ್ಲಿ ನಿಂತ, ತಲೆ ತಾಕಲಿಲ್ಲ.

ಆಟದ ಕತೆ ಕೇಳಿದಾಗ ಮಾತ್ರ ಅವರ ಮುಖ ಗಂಟಾಯಿತು. “ಹಳಿ ಕೀಳೂ ಆಟ ಏನ್ ಆಡತಿ ತಮ್ಮಾ?” ಚಲೇಜಾವ್ ಹೊತ್ತಿನಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ತಂತಿ ಕತ್ತರಿಸಿದವರನ್ನು, ಸ್ಟೇಷನ್ ಸುಟ್ಟವರನ್ನು ನಾವು ಶಾಲೆಯಲ್ಲಿ ಓದಿದ್ದೇವೆ, ಹೆಮ್ಮೆಪಟ್ಟಿದ್ದೇವೆ. ಹುಡುಗ ಅದನ್ನೇ ಹೇಳಿದ. “ಅವ್ರೂ ನಮ್ಮವ್ರ, ನಾ ಇಲ್ಲ ಅನ್ನೂದಿಲ್ಲ. ಆದ್ರ ಹಳಿ ಕಿತ್ತದ್ದು ಮುಂಜಾನಿ ಯಾರಿಗೆ ಮೊದಲ ಕಾಣಸ್ತೈತಿ? ಅವಾ ಎಲ್ಲಿ ಅದಾನು ನಿನ್ನ ಆಟದಾಗ?”

ಡಬ್ಬಿಯಲ್ಲಿ ಹುಡುಕಿದೆವು. ಬಂದೂಕಿನವರು, ಲಾಠಿಯವರು, ಟೋಪಿಯ ಅಧಿಕಾರಿ. ಗ್ಯಾಂಗ್‌ಮನ್ ಇರಲಿಲ್ಲ. ಯುದ್ಧದಾಟದ ಸಿಪಾಯಿಗಳನ್ನು ಮಾಡುವವರಿಗೆ ಹಳಿ ಕಾಯುವವನ ನೆನಪು ಯಾಕೆ ಬರಬೇಕು? ಹುಡುಗ ಒಬ್ಬನ ಬಂದೂಕು ಕತ್ತರಿಸಿ ತಂತಿಯ ಸುತ್ತಿಗೆ ಅಂಟಿಸಿದ, ಇನ್ನೊಂದು ಕೈಗೆ ಕೆಂಪು ಕಾಗದದ ಬಾವುಟ. ನಿಯಮದ ಪುಸ್ತಕಕ್ಕೆ ಪೆನ್ಸಿಲ್ಲಿನಲ್ಲಿ ಹೊಸ ಸಾಲು ಸೇರಿತು: ಇವನು ಯಾವ ಪಕ್ಷದವನೂ ಅಲ್ಲ. ಇವನು ರೈಲನ್ನು ನಿಲ್ಲಿಸಿದರೆ ಯಾರೂ ಸಾಯುವುದಿಲ್ಲ, ಯಾರೂ ಗೆಲ್ಲುವುದೂ ಇಲ್ಲ.

ಹುಡುಗ ಅವನನ್ನು ಕಿತ್ತ ಹಳಿಯ ಪಕ್ಕದಲ್ಲೇ ನಿಲ್ಲಿಸಿದ. ಅಪ್ಪನಿಗೆ ನಗು ಬಂತು. ಅಲ್ಲಿ ನಿಂತರೆ ಗಾಡಿ ನಿಂತೀತೇ? ಮೀಟರ್‌ಗೇಜಾದರೆ ಎಂಟುನೂರು ಮೀಟರ್ ಮೊದಲು ಓಡಿಹೋಗಿ ಹಳಿಯ ಮೇಲೆ ಪಟಾಕಿ ಕಟ್ಟಬೇಕು, ಹತ್ತತ್ತು ಮೀಟರಿಗೊಂದರಂತೆ ಮೂರು. ಗಾಲಿ ಹತ್ತಿದಾಗ ಅವು ಸಿಡಿದರೆ ಡ್ರೈವರನಿಗೆ ತಿಳಿಯುತ್ತದೆ. ಹುಡುಗ ಎಂಟುನೂರನ್ನು ಅರವತ್ತರಿಂದ ಭಾಗಿಸಿದ. ಹದಿಮೂರು ಮೀಟರ್ ದಾಟಿತು. ನಮ್ಮ ಟೇಬಲ್ ಎರಡು ಮೀಟರೂ ಇಲ್ಲ. ಇಂಥ ಆಟಗಳಲ್ಲಿ ನೆಲದ ಅಳತೆ ಬೇರೆ, ಸಿಪಾಯಿಯ ಅಳತೆ ಬೇರೆ ಎಂದು ಅವನು ತಿಳಿಸಿ ಹೇಳಲು ನೋಡಿದ. ಅಪ್ಪ ಒಪ್ಪಲಿಲ್ಲ.

ಟೇಪು ಪಡಸಾಲೆ ದಾಟಿತು, ಹೊಸ್ತಿಲು ದಾಟಿತು, ಕಟ್ಟೆ ಇಳಿಯಿತು. ಹದಿಮೂರು ಮೀಟರಿಗೆ ಓಣಿಯ ಆಚೆ ಬದಿ, ಎದುರುಮನೆಯ ಮಕ್ಕಳು ಕಟ್ಟಿದ ಕಿಲ್ಲೆಯ ಬುಡ ಬಂತು. ಮಕ್ಕಳನ್ನು ಕೇಳಿ, ಮೊಳೆತ ಸಾಸಿವೆಯ ನಡುವೆ ಬೆರಳಗಲ ಜಾಗ ಮಾಡಿ, ಅಪ್ಪ ತಾವೇ ಬಗ್ಗಿ ಅವನನ್ನು ನಿಲ್ಲಿಸಿದರು, ಬಾವುಟ ನಮ್ಮ ಮನೆಯ ಕಡೆಗೆ.