ಎರಡನೇ ಬಹುಮಾನದ ಫೋಟೋ

ಹೋದ ವರ್ಷ ನಮ್ಮ ಫೆಸ್ಟ್‌ನಲ್ಲಿ ಫೋಟೋ ಎಕ್ಸಿಬಿಷನ್ ನೋಡಿದವರಿಗೆ ಒಂದು ಹಕ್ಕಿಗೂಡಿನ ಫೋಟೋ ನೆನಪಿರಬಹುದು. ಕೆಮ್ಮೀಸೆ ಪಿಕಳಾರವೊಂದು ಗೂಡಿನ ಅಂಚಿನಲ್ಲಿ ನಿಂತು ಎರಡೂ ರೆಕ್ಕೆ ಅಗಲಿಸಿದೆ. ಕೆಳಗೆ ಎರಡು ಮರಿಗಳು ಬಾಯಿ ತೆರೆದುಕೊಂಡಿವೆ. ಶೀರ್ಷಿಕೆ 'ತಾಯಿಯ ಮಡಿಲು'. ಎರಡನೇ ಬಹುಮಾನ ಬಂತು. ತೆಗೆದವನು ನಾನು. "ಒಂದು ಎಲೆನೂ ಅಡ್ಡ ಇಲ್ವಲ್ಲ, ಹೆಂಗ್ ಸಿಕ್ತು ಮಗಾ?" ಅಂತ ತುಂಬಾ ಜನ ಕೇಳಿದ್ರು. "ಲಕ್ ಮಗಾ" ಅಂದಿದ್ದೆ.

ಲಕ್ ಅಲ್ಲ. ಅದನ್ನ ಹೇಳೋಕೇ ಈ ಲೇಖನ.

ಮೂರನೇ ಸೆಮ್ ಮುಗಿದ ರಜೆಯಲ್ಲಿ ಚಿಕ್ಕಪ್ಪ ತಮ್ಮ ಹಳೇ ಕ್ಯಾಮೆರಾ ಮತ್ತು 55-250 ಲೆನ್ಸ್ ನನಗೆ ಕೊಟ್ಟರು. ನಮ್ಮೂರು ತೀರ್ಥಹಳ್ಳಿ ಕಡೆ. ಕಾಡಿಗೆ ಹೋಗಬೇಕಂತಿಲ್ಲ, ಹಿತ್ತಲಲ್ಲೇ ಬೇಕಾದಷ್ಟು ಹಕ್ಕಿಗಳು. ಬಾಳೆ, ಕರಿಬೇವು, ದಾಸವಾಳ, ಬಚ್ಚಲ ನೀರು ಹರಿಯೋ ಜಾಗ, ಎಲ್ಲಾ ಕಡೆ ಯಾರಾದರೂ ಇದ್ದೇ ಇರ್ತಾರೆ. ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಪಕ್ಕದಲ್ಲಿಟ್ಟುಕೊಂಡು ಹೆಸರು ಹುಡುಕುತ್ತಿದ್ದೆ. ಮಡಿವಾಳ, ಸಿಂಪಿಗ, ಸೂರಕ್ಕಿ. ಇಪ್ಪತ್ತು ವರ್ಷ ಅದೇ ಹಿತ್ತಲಲ್ಲಿ ಹಲ್ಲುಜ್ಜಿದವನಿಗೆ ಒಂದರ ಹೆಸರೂ ಗೊತ್ತಿರಲಿಲ್ಲ.

ಮೊದಲ ವಾರ ಬಂದದ್ದೆಲ್ಲ ಮಸುಕು. ಸೂರಕ್ಕಿ ದಾಸವಾಳದ ಮೇಲೆ ಎರಡು ಸೆಕೆಂಡ್ ಕೂರಲ್ಲ. ಶಟರ್ 1/125 ಇಟ್ಟರೆ ರೆಕ್ಕೆ ಕಲಸಿಹೋಗುತ್ತೆ. 1/1000ಕ್ಕೆ ಏರಿಸಿದರೆ ಬೆಳಕು ಸಾಲಲ್ಲ. ಐಎಸ್ಒ ಏರಿಸಿದರೆ ಫೋಟೋ ತುಂಬಾ ರವೆ ಚೆಲ್ಲಿದ ಹಾಗೆ. ಒಂದನ್ನ ಸರಿಮಾಡಿದರೆ ಇನ್ನೊಂದು ಕೆಡುತ್ತೆ, ಥೇಟ್ ನಮ್ಮ ಲ್ಯಾಬ್ ಸರ್ಕ್ಯೂಟ್ ಥರ.

ಇದರ ಮಧ್ಯೆ ಕರಿಯ. ಕರಿಯ ನಮ್ಮನೆ ನಾಯಿ, ಆಗ ಒಂಬತ್ತು ವರ್ಷ. ನಾನು ಬಗ್ಗಿ ಕೂತು ಉಸಿರು ಹಿಡಿದಿದ್ದರೆ ಇವನಿಗೆ ಏನೋ ಭಾರೀ ಸಂಗತಿ ನಡೀತಿದೆ ಅನ್ಸುತ್ತೆ. ಬಂದು ಲೆನ್ಸ್ ಮುಂದೆಯೇ ಮೂತಿ ಇಡ್ತಾನೆ. ಮಡಿವಾಳ ಹಾರಿಹೋಗುತ್ತೆ. ನಾಲ್ಕು ದಿನ ತಡ್ಕೊಂಡೆ. ಐದನೇ ದಿನ ಕೊಟ್ಟಿಗೆ ಕಂಬಕ್ಕೆ ಕಟ್ಟಿಹಾಕಿದೆ.

ಗೂಡು ತೋರಿಸಿದ್ದು ಅಜ್ಜಿ. ಬಚ್ಚಲ ಹಿಂದಿನ ದಾಸವಾಳದಲ್ಲಿ, ನನ್ನ ಎದೆ ಎತ್ತರಕ್ಕೆ, ನಾರು ಒಣಹುಲ್ಲಿನ ಬಟ್ಟಲಿನ ಹಾಗೆ ಇತ್ತು. ಒಳಗೆ ಎರಡು ಮರಿ. "ದೂರದಿಂದ ನೋಡು ಮಾರಾಯ, ಹತ್ರ ಹೋಗ್ಬೇಡ" ಅಂತ ಹೇಳಿಯೇ ತೋರಿಸಿದ್ದರು. ದೂರದಿಂದ ಕಾಣ್ತಿದ್ದದ್ದು ಬರೀ ಎಲೆ. ಎರಡು ದಿನ ಕಾದೆ. ಮೂರನೇ ದಿನ ಅಜ್ಜಿ ಮಧ್ಯಾಹ್ನ ಮಲಗಿದಾಗ ಅಮ್ಮನ ಕತ್ತರಿ ತಗೊಂಡು ಹೋಗಿ ಮೂರು ಟೊಂಗೆ ಕತ್ತರಿಸಿದೆ. ಮೂರೇ ಮೂರು. ಗೂಡು ಕನ್ನಡಿಯಷ್ಟು ಸ್ಪಷ್ಟ ಕಂಡಿತು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಬಿಸಿಲು ನೇರ ಗೂಡಿಗೆ ಬಿತ್ತು. ಹಕ್ಕಿ ಬಂದು ಅಂಚಿನಲ್ಲಿ ನಿಂತು ರೆಕ್ಕೆ ಅಗಲಿಸಿತು. ನನಗೆ ಕೈ ನಡುಗುವಷ್ಟು ಖುಷಿ. ಒಂದೇ ಗಂಟೆಯಲ್ಲಿ ನಾನೂರಕ್ಕೂ ಹೆಚ್ಚು ಕ್ಲಿಕ್.

ಸಂಜೆ ಕ್ಯಾಮೆರಾ ಪರದೆಯಲ್ಲೇ ಅಜ್ಜಿಗೆ ತೋರಿಸಿದೆ. ಕನ್ನಡಕ ಸರಿಮಾಡ್ಕೊಂಡು ತುಂಬಾ ಹೊತ್ತು ನೋಡಿದರು. "ಇಲ್ಲಿ ಎಲೆ ಇತ್ತಲ್ಲೋ?" ಅಂದರು. ನಾನು ಮಾತಾಡಲಿಲ್ಲ. "ಅದು ನಿನ್ನ ಫೋಟೋಕ್ಕೆ ರೆಕ್ಕೆ ಬಿಚ್ಚಿದ್ದಲ್ಲ ಕಣೋ. ಮರಿಗೆ ಬಿಸ್ಲು ಬೀಳ್ತಿದೆ ಅಂತ ಕೊಡೆ ಹಿಡ್ದಿದೆ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕತ್ತಲಾಗೋ ಮೊದಲೇ ಓಡಿಹೋಗಿ ಕತ್ತರಿಸಿದ ಟೊಂಗೆಗಳನ್ನ ಹುಡುಕಿ ದಾರದಲ್ಲಿ ಕಟ್ಟಿದೆ. ಬೆಳಗಾಗೋವಾಗ ಎಲೆಗಳೆಲ್ಲ ಬಾಡಿ ಜೋತುಬಿದ್ದಿದ್ದವು. ಅವತ್ತು ನಾನು ತಿಂಡಿ ತಿನ್ನುವಾಗ ಕೊಟ್ಟಿಗೆಯಿಂದ ಕರಿಯ ಒಂದೇ ಸಮ ಬೊಗಳಿದ. "ಸುಮ್ನಿರೋ" ಅಂತ ಕೂತಲ್ಲಿಂದಲೇ ಗದರಿದೆ. ಎದ್ದು ಹೋಗಿ ನೋಡುವಾಗ ದಾಸವಾಳದಿಂದ ಕೆಂಬೂತವೊಂದು ಭಾರವಾಗಿ ಹಾರಿ ಬಾಳೆಯ ಆಚೆ ಇಳಿಯಿತು. ಗೂಡು ಖಾಲಿ. ಕೆಂಬೂತ ಹಿತ್ತಲಿಗೆ ಇಳಿದಾಗಲೆಲ್ಲ ಅಟ್ಟಿಸಿಕೊಂಡು ಹೋಗೋದು ಕರಿಯನ ದಿನಚರಿ ಅಂತ ಆಮೇಲೆ ಅಮ್ಮ ಹೇಳಿದರು.

ಸ್ವಲ್ಪ ಹೊತ್ತಿಗೆ ಪಿಕಳಾರಗಳೆರಡೂ ಬಂದವು. ಒಂದರ ಕೊಕ್ಕಿನಲ್ಲಿ ಹುಳ. ಗೂಡಿನ ಮೇಲೆ ಕೂತು, ಹಾರಿ, ಮತ್ತೆ ಬಂದು, ಆ ಹುಳ ಹಿಡ್ಕೊಂಡೇ ಓಡಾಡಿತು. ಆ ಫೋಟೋ ನಾನು ತೆಗೆಯಲಿಲ್ಲ.

ಕೆಂಬೂತದ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೂ ಹೊಟ್ಟೆ ಇದೆ. ಎಲೆ ಇದ್ದಿದ್ದರೂ ಅದು ಗೂಡು ಹುಡುಕುತ್ತಿತ್ತೇನೋ. ಆದರೆ ಎಲೆ ತೆಗೆದವನೂ ನಾನೇ, ಕಾವಲಿದ್ದವನನ್ನ ಕಟ್ಟಿಹಾಕಿದವನೂ ನಾನೇ. ಇಷ್ಟೆಲ್ಲ ಗೊತ್ತಿದ್ದೂ ಆ ಫೋಟೋನ ಸ್ಪರ್ಧೆಗೆ ಕೊಟ್ಟೆನಲ್ಲ, ಅದು ಇನ್ನೂ ಚುಚ್ಚುತ್ತೆ. ಚೆನ್ನಾಗಿ ಬಂದಿತ್ತು, ಅದಕ್ಕೇ ಕೊಟ್ಟೆ. ಶೀರ್ಷಿಕೆಯೂ ಸುಳ್ಳೇ. ಪಿಕಳಾರದಲ್ಲಿ ಗಂಡು ಹೆಣ್ಣು ನೋಡೋಕೆ ಒಂದೇ ಥರ, ಮರಿ ಸಾಕೋದೂ ಇಬ್ಬರೂ. ರೆಕ್ಕೆ ಹಿಡಿದದ್ದು ತಾಯಿಯೋ ತಂದೆಯೋ ನನಗೆ ಗೊತ್ತೇ ಇಲ್ಲ. 'ತಾಯಿ' ಅಂದರೆ ಜಡ್ಜ್‌ಗಳು ಕರಗ್ತಾರೆ ಅಂತ ಗೊತ್ತಿತ್ತು.

ಆಮೇಲೆ ಬೇರೆ ಸ್ಪರ್ಧೆಗಳ ನಿಯಮ ಓದುವಾಗ ನೋಡಿದೆ, ಎಷ್ಟೋ ಕಡೆ ಗೂಡಿನ ಫೋಟೋ ತಗೊಳೋದೇ ಇಲ್ಲ. ಫ್ರೇಮ್‌ನ ಆಚೆ ಎಷ್ಟು ಟೊಂಗೆ ಬಿದ್ದಿವೆ ಅಂತ ಫೋಟೋ ನೋಡಿದವರಿಗೆ ಗೊತ್ತಾಗಲ್ಲವಲ್ಲ.

ಕ್ಯಾಮೆರಾ ಬಿಟ್ಟಿಲ್ಲ. ಈಗ ಊರಲ್ಲಿ ಅಡುಗೆಮನೆ ಕಿಟಕಿಯಿಂದ ತೆಗೀತೀನಿ. ಹೊರಗೆ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟರೆ ಸಾಕು, ಅವಾಗೇ ಬರ್ತವೆ, ಬೇಕಾದಾಗ ಹೋಗ್ತವೆ. ಕಾಲೇಜಲ್ಲಿ ಮೆಸ್ ಹಿಂದಿನ ಹೊಂಗೆ ಮರದ ಹತ್ತಿರ ಬೆಳಿಗ್ಗೆ ಏಳಕ್ಕೆ ಒಮ್ಮೆ ಸುಮ್ಮನೆ ನಿಂತು ನೋಡಿ, ಮೊಬೈಲ್ ಆದರೂ ಸಾಕು. ಗೂಡು ಕಂಡರೆ ಮಾತ್ರ ಹಿಂದೆ ಬನ್ನಿ. ಯಾರಿಗೂ ತೋರಿಸಲೂಬೇಡಿ.

ಕರಿಯನನ್ನ ಕಟ್ಟಲ್ಲ. ಬದಲಿಗೆ ಅವನದೇ ಫೋಟೋ ತೆಗೆಯೋದು ಕಲಿತಿದ್ದೀನಿ. ಕಪ್ಪು ನಾಯಿಯ ಫೋಟೋ ಕಷ್ಟ. ಕ್ಯಾಮೆರಾದ ಲೆಕ್ಕಕ್ಕೆ ಎದುರಿಗಿರೋದೆಲ್ಲ ಮಧ್ಯಮ ಬೂದು. ಹಾಗಾಗಿ ಕರಿಯ ಫ್ರೇಮ್ ತುಂಬಾ ಇದ್ದರೆ ಅವನನ್ನ ಬೆಳಗಿಸಿ ಬೂದಿ ಬಣ್ಣ ಮಾಡಿಬಿಡುತ್ತೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಬೇಕು. ಆಗ ಅವನು ಕಪ್ಪಗೆ ಬರ್ತಾನೆ, ಮೂತಿಯ ಮೇಲಿನ ಬಿಳಿ ಕೂದಲೂ ಒಂದೊಂದಾಗಿ ಕಾಣುತ್ತೆ. ಹೋದ ರಜೆಗಿಂತ ಈ ರಜೆಗೆ ಅವು ಜಾಸ್ತಿಯಾಗಿವೆ.

ಈ ಲೇಖನದ ಜೊತೆ ಹಾಕೋಕೆ ಆ ಬಹುಮಾನದ ಫೋಟೋ ಕೊಡು ಅಂತ ಕನ್ನಡ ಸಂಘದವರು ಕೇಳಿದ್ರು. ಕರಿಯನದ್ದು ಕೊಟ್ಟಿದ್ದೀನಿ.