ಜನರಿಲ್ಲದ ಊರು ಕ್ರಾಕೊ

ಇಟಲಿ ದೇಶದ ದಕ್ಷಿಣದಲ್ಲಿ ಬಸಿಲಿಕಾಟಾ ಎಂಬ ಪ್ರಾಂತವಿದೆ. ಅಲ್ಲಿಯ ಮಟೇರಾ ಜಿಲ್ಲೆಯಲ್ಲಿ, ಸುಮಾರು 400 ಮೀಟರ್ ಎತ್ತರದ ಗುಡ್ಡದ ನೆತ್ತಿಯ ಮೇಲೆ ಕ್ರಾಕೊ ಎಂಬ ಪುರಾತನ ಊರು ನಿಂತಿದೆ. ದೂರದಿಂದ ಅದು ಬಂಡೆಯೋ ಊರೋ ತಿಳಿಯದು. ಸಮೀಪಿಸಿದಂತೆ ಕಿಟಕಿಗಳು ಕಾಣುತ್ತವೆ; ಅನೇಕ ಕಿಟಕಿಗಳ ಹಿಂದೆ ಛಾವಣಿಯಿಲ್ಲ, ಆಕಾಶವಿದೆ.

ಊರೊಳಗೆ ಮನಬಂದಂತೆ ತಿರುಗಲು ಅವಕಾಶವಿಲ್ಲ. ತಲೆಗೆ ಹೆಲ್ಮೆಟ್ ಧರಿಸಿ, ಮಾರ್ಗದರ್ಶಕರೊಡನೆ, ಗೊತ್ತುಪಡಿಸಿದ ಹಾದಿಯಲ್ಲೇ ನಡೆಯಬೇಕು. ನಾವೂ ಹಾಗೆಯೇ ಏರಿದೆವು. ಮೇಲ್ತುದಿಯಲ್ಲಿ ನಾರ್ಮನ್ನರ ಕಾಲದ ಚೌಕ ಗೋಪುರ. ಅದರ ಕೆಳಗೆ ಸಂತ ನಿಕೊಲಾಸನ ಚರ್ಚು, ಇಕ್ಕಟ್ಟಾದ ಓಣಿಗಳು, ಒಂದಕ್ಕೊಂದು ಆತುಕೊಂಡ ಮನೆಗಳು. ಒಲೆ ಉರಿದ ಮನೆಗಳೊಳಗೆ ಈಗ ಹುಲ್ಲು ಬೆಳೆದಿದೆ.

ಈ ಊರನ್ನು ಯಾವ ಶತ್ರುವೂ ಹಾಳುಗೆಡವಲಿಲ್ಲ. 1656ರ ಪ್ಲೇಗಿಗೆ ನೂರಾರು ಜನ ಬಲಿಯಾದರೂ ಊರು ಉಳಿಯಿತು. 1892ರಿಂದ 1922ರ ಅವಧಿಯಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿ ಬಡತನದ ಬೇಗೆಯಿಂದ ಉತ್ತರ ಅಮೆರಿಕಕ್ಕೆ ವಲಸೆ ಹೋದರು, ಆಗಲೂ ಉಳಿಯಿತು. ಕೊನೆಗೆ ಅದನ್ನು ಸೋಲಿಸಿದ್ದು ಕಾಲಡಿಯ ಮಣ್ಣು. ಗೋಪುರ ನಿಂತಿರುವುದು ಗಟ್ಟಿ ಬಂಡೆಯ ಮೇಲೆ. ಆದರೆ ಇಳಿಜಾರಿನಲ್ಲಿರುವುದು ಜೇಡಿಮಣ್ಣು. ನೀರು ಕುಡಿದ ಜೇಡಿ ಜಾರುತ್ತದೆ. ನೀರಿನ ಕೊಳವೆ, ಚರಂಡಿಗಳ ಕಾಮಗಾರಿಯೂ ಕುಸಿತಕ್ಕೆ ಕಾರಣವಾಯಿತೆಂದು ಹೇಳುತ್ತಾರೆ. ಅನುಕೂಲಕ್ಕೆಂದು ತಂದ ನೀರೇ ಬುಡವನ್ನು ಸಡಿಲಿಸಿತೆಂಬುದು ಎಂಥ ವಿಪರ್ಯಾಸ!

1963ರಲ್ಲಿ ಭೂಕುಸಿತವಾದಾಗ ಸುಮಾರು 1800 ಜನ ಮನೆಮಠ ತೊರೆದು ಕೆಳಗಿನ ಕಣಿವೆಯ ಕ್ರಾಕೊ ಪೆಸ್ಕಿಯೆರಾಕ್ಕೆ ಇಳಿಯಬೇಕಾಯಿತು. 1972ರ ಪ್ರವಾಹ ಇಳಿಜಾರನ್ನು ಇನ್ನಷ್ಟು ಕೆಡಿಸಿತು. 1980ರ ಭೂಕಂಪದ ತರುವಾಯ ಮೇಲಿನ ಊರು ಪೂರ್ತಿ ಬರಿದಾಯಿತು.

ಬಳಿಕ ಚಲನಚಿತ್ರ ತಯಾರಕರು ಇಲ್ಲಿಗೆ ಬಂದರು. ಏಸುವಿನ ಅಂತಿಮ ದಿನಗಳನ್ನು ಕುರಿತು 2004ರಲ್ಲಿ ಬಿಡುಗಡೆಯಾದ ಚಿತ್ರದಲ್ಲಿ ಯೂದನು ನೇಣು ಹಾಕಿಕೊಳ್ಳುವ ದೃಶ್ಯ ಇಲ್ಲಿಯದು. 2010ರಲ್ಲಿ ವಿಶ್ವ ಸ್ಮಾರಕ ನಿಧಿಯು ಕ್ರಾಕೊವನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು.

ಆದರೂ ಕ್ರಾಕೊ ಜನರ ಮನಸ್ಸಿನಿಂದ ಅಳಿದಿಲ್ಲ. ಹಬ್ಬದ ದಿನಗಳಲ್ಲಿ ಮಾತೆ ಮರಿಯಳ ಪೂಜೆಗೆಂದು ಜನ ಹಳೆಯ ಊರಿನತ್ತ ಬರುತ್ತಾರೆ. ವಲಸೆ ಹೋದವರ ವಂಶಜರು ಅಮೆರಿಕದಲ್ಲಿ ಸಂಘ ಕಟ್ಟಿಕೊಂಡು ತಮ್ಮ ಹಿರಿಯರ ಊರಿನ ನೆನಪನ್ನು ಕಾಪಾಡುತ್ತಿದ್ದಾರೆ. ಮನೆ ಕಟ್ಟುವವರು ಗೋಡೆಯ ಅಂದಕ್ಕಿಂತ ಮೊದಲು ನೆಲದ ಗುಣವನ್ನೂ ನೀರಿನ ದಾರಿಯನ್ನೂ ಅರಿಯಬೇಕೆಂಬುದು ಕ್ರಾಕೊ ಕಲಿಸುವ ಪಾಠ. ಗೋಡೆ ಬಿದ್ದರೂ ಬಾಂಧವ್ಯ ಉಳಿಸಿಕೊಳ್ಳಬಹುದೆಂಬುದು ಅಲ್ಲಿಯ ಜನ ಕಲಿಸುವ ಪಾಠ.