ಹೆದರಿಕೆಗೂ ಒಂದು ಲೆಕ್ಕವಿದೆ

ಮಕ್ಕಳೇ, ಪರೀಕ್ಷೆಗೆ ಹೆದರಬೇಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದ್ದರಿಂದ ಯಾರ ಹೆದರಿಕೆಯೂ ಓಡಿಹೋದದ್ದನ್ನು ನಾನು ಕಂಡಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದ ನನಗೆ ತಿಳಿದದ್ದು ಇಷ್ಟು: ಎಲ್ಲಿದೆಯೆಂದು ಗೊತ್ತಿಲ್ಲದ ತೊಡಕು ಬೆಟ್ಟದಷ್ಟು ಕಾಣುತ್ತದೆ. ಅದರ ಜಾಗ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ.

ಕಂಪ್ಯೂಟರ್ ಬರುವ ಮೊದಲು ಲೆಡ್ಜರುಗಳನ್ನು ಕೈಯಲ್ಲೇ ಬರೆಯುತ್ತಿದ್ದೆವು. ಸಂಜೆ ಎರಡೂ ಕಡೆಯ ಮೊತ್ತ ತಾಳೆಯಾಗಬೇಕು. ಆಗದ ದಿನ ಹೊಸಬರ ಕೈ ಬೆವರುತ್ತಿತ್ತು. ಗಾಬರಿಯಲ್ಲಿ ಕೂಡಿದಷ್ಟು ಸಲವೂ ಬೇರೆ ಬೇರೆ ಮೊತ್ತ. ಹಿರಿಯರು ಮೊದಲು ಕೇಳುತ್ತಿದ್ದದ್ದು, “ವ್ಯತ್ಯಾಸ ಎಷ್ಟು?” ಅದು 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಅಂಕೆಗಳು ಹಿಂದುಮುಂದಾಗಿರುವ ಸಂಭವ ಹೆಚ್ಚು. 36ರ ಬದಲು 63 ಬರೆದರೆ ವ್ಯತ್ಯಾಸ 27. ನೀವೂ ಬೇರೆ ಸಂಖ್ಯೆ ಹಿಡಿದು ಮಾಡಿ ನೋಡಿ. ಇಡೀ ಪುಸ್ತಕ ತಿರುವಿಹಾಕದೆ ಅಂಥ ಅಂಕೆಗಳನ್ನೇ ಮೊದಲು ಹುಡುಕುತ್ತಿದ್ದೆವು.

ಈ ಉಪಾಯ ಮನೆಯಲ್ಲೂ ಕೆಲಸಕ್ಕೆ ಬಂತು. ನನ್ನ ಮೊಮ್ಮಗಳು ಎಸ್ಸೆಸ್ಸೆಲ್ಸಿ ಬರೆದದ್ದು 2024ರಲ್ಲಿ. ನಮ್ಮ ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ ಆ ಸಲ ಮಾರ್ಚ್ 19ರಿಂದ 27ರವರೆಗೆ. ಪರೀಕ್ಷೆ ಶುರುವಾದದ್ದು 25ಕ್ಕೆ. ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಜಾತ್ರೆಗೆ ಬಂದ ನೆಂಟರು ನಮ್ಮ ಮನೆಗೂ ಬರುವವರೇ. ಆಸರಿಗೆ ಕೇಳುವ ಮೊದಲೇ ಅವರ ಪ್ರಶ್ನೆ: “ಎಷ್ಟು ಪರ್ಸೆಂಟ್ ಆಗ್ತು ತಂಗಿ?”

ಒಂದು ರಾತ್ರಿ ಅವಳು ಊಟ ಅರ್ಧಕ್ಕೇ ಬಿಟ್ಟು ಎದ್ದಳು.

“ಅಜ್ಜ, ಯಂಗೆ ಎಂತದೂ ನೆನಪಿಗೇ ಬರ್ತಿಲ್ಲೆ.”

“ಎಂತೆಂತದು ಹೇಳಿ ಒಂದು ಪಟ್ಟಿ ಮಾಡು, ನೋಡನ” ಎಂದೆ.

ಗಣಿತ, ವಿಜ್ಞಾನದ ಪಾಠಗಳ ಹೆಸರು ಬರೆದು, ಒಂದೊಂದರ ಮುಂದೆಯೂ ‘ಬರುತ್ತದೆ’, ‘ಅರ್ಧ ಬರುತ್ತದೆ’, ‘ಬರುವುದಿಲ್ಲ’ ಎಂದು ಗುರುತು ಹಾಕಿದಳು. ‘ಬರುವುದಿಲ್ಲ’ ಎಂಬಲ್ಲಿ ನಿಂತದ್ದು ಮೂರೇ ಪಾಠ. ಅದರಲ್ಲಿ ತ್ರಿಕೋನಮಿತಿಯೂ ಒಂದು. ದಿನಕ್ಕೊಂದರಂತೆ ಅವನ್ನೇ ಹಿಡಿದಳು. ಓದಿದ್ದರ ಮೇಲೆ ಮತ್ತೆ ಕಣ್ಣಾಡಿಸುವ ಬದಲು ಪುಸ್ತಕ ಮುಚ್ಚಿ ಬರೆದು ನೋಡಿದಳು. ಊಟ ತಾನಾಗಿ ಸರಿಯಾಯಿತು.

ಜಾತ್ರೆಗೆ ಈ ಸಲ ಬೇಡವೇ ಬೇಡ ಎಂದ ಅವಳಪ್ಪ. ನಿಜ ಹೇಳಬೇಕೆಂದರೆ ಅವನ ಹೆದರಿಕೆ ಅವಳದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು. ನಾನು ಒಂದು ಸಂಜೆ ಅವಳನ್ನು ಬಿಡ್ಕಿಬೈಲಿಗೆ ಕರೆದೊಯ್ದೆ. ಅಮ್ಮನ ದರ್ಶನ ಮಾಡಿ, ಬಳೆ ಕೊಂಡು, ಎಂಟು ಗಂಟೆಗೆಲ್ಲ ಮನೆ ಸೇರಿದೆವು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ನಿದ್ದೆ ಕೆಟ್ಟರೆ ಓದಿದ್ದು ತಲೆಯಲ್ಲಿ ನೆಲೆ ನಿಲ್ಲುವುದಿಲ್ಲ. ನೆಂಟರ ವಿಷಯಕ್ಕೆ ಅವಳ ಅಜ್ಜಿಯೇ ಒಂದು ನಿಯಮ ಮಾಡಿದಳು: ಈ ಮನೆಯಲ್ಲಿ ಯಾರೂ ಅಂಕ ಕೇಳಬಾರದು.

ತಂದೆತಾಯಂದಿರಿಗೆ ಒಂದು ಮಾತು. 2024ರಿಂದ ಎಸ್ಸೆಸ್ಸೆಲ್ಸಿಯನ್ನು ಒಂದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶವಿದೆ. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಡಿ. ಮಗು ದಿನಗಟ್ಟಲೆ ಉಣ್ಣದೆ, ಮಲಗದೆ ಇದ್ದರೆ, ಬದುಕೇ ಬೇಡ ಎಂಬ ಮಾತಾಡಿದರೆ ಗದರಬೇಡಿ, ನಗಬೇಡಿ. ಹತ್ತಿರ ಕೂತು ಕೇಳಿ. ಸರ್ಕಾರದ ಟೆಲಿ ಮನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳೇ, ಪರೀಕ್ಷೆಯ ದಿನ ಎದೆ ಹೊಡೆದುಕೊಂಡರೆ, ಕೈ ಬೆವರಿದರೆ ಗಾಬರಿ ಬೇಡ. ದೊಡ್ಡ ಕೆಲಸಕ್ಕೆ ಮೈ ಸಜ್ಜಾಗುವ ರೀತಿ ಅದು. ಉಸಿರನ್ನು ನಿಧಾನವಾಗಿ ಎಳೆದು, ಇನ್ನೂ ನಿಧಾನವಾಗಿ ಬಿಡಿ. ನಾಲ್ಕೈದು ಸಲ ಮಾಡಿದರೆ ಮೈ ಹಗುರಾಗುತ್ತದೆ. ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ 15 ನಿಮಿಷದಲ್ಲಿ ಮನಸ್ಸಿನಲ್ಲೇ ಅದೇ ಪಟ್ಟಿ ಮಾಡಿ: ಇದು ಬರುತ್ತದೆ, ಇದು ಅರ್ಧ ಬರುತ್ತದೆ, ಇದು ಆಮೇಲೆ. ಬರುವುದರಿಂದ ಶುರು ಮಾಡಿ. ಕೈ ಬರೆಯತೊಡಗಿದರೆ ಮನಸ್ಸೂ ಹಿಂದೆ ಬರುತ್ತದೆ.

ಮೊಮ್ಮಗಳಿಗೆ ಎಷ್ಟು ಅಂಕ ಬಂತು ಎಂದು ಮಾತ್ರ ಕೇಳಬೇಡಿ. ಅವಳ ಅಜ್ಜಿಯ ನಿಯಮ ಇನ್ನೂ ಜಾರಿಯಲ್ಲಿದೆ.